ಶಾಸ್ತ್ರವನ್ನು ಸಂಕೇತವಾಗಿ ಓದುವುದಾದರೆ ಎಲ್ಲಿಂದ ಶುರು?

ಶಾಸ್ತ್ರವನ್ನು ಸಂಕೇತವಾಗಿ ಓದಿ ಒಳಗಿನ ದೇವರನ್ನು ಕಾಣಬೇಕು, ಸಂಸ್ಕೃತ ಅಷ್ಟಕ್ಕಷ್ಟೆ, ಊರು ಶಿವಮೊಗ್ಗ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ.

ಮಹಾಭಾರತದಿಂದಂತೂ ಬೇಡ. ಪಾಂಡವರು ಪಂಚೇಂದ್ರಿಯ, ಕೌರವರು ನೂರು ದುರ್ಗುಣ ಎಂದು ಹೊರಟರೆ ಯಾರು ಏನು ಬೇಕಾದರೂ ಆಗಬಹುದು, ತಪ್ಪು ಹಿಡಿಯಲು ಅಳತೆಗೋಲೇ ಇರುವುದಿಲ್ಲ. ತನ್ನ ಸಂಕೇತವನ್ನು ತಾನೇ ಬಿಡಿಸಿ ಹೇಳುವ ಗ್ರಂಥ ಹಿಡಿಯಿರಿ. ಕಠೋಪನಿಷತ್ತಿನ ಮೊದಲ ಅಧ್ಯಾಯದ ಮೂರನೇ ವಲ್ಲಿ (ಅಧ್ಯಾಯದೊಳಗಿನ ಭಾಗ) ಅಂಥದ್ದು, ಇರುವುದೇ 17 ಮಂತ್ರ. 3 ಮತ್ತು 4ನೇ ಮಂತ್ರದಲ್ಲಿ ಶರೀರ ರಥ, ಆತ್ಮ ರಥಿಕ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ವಿಷಯಗಳು, ಅಂದರೆ ಇಂದ್ರಿಯಕ್ಕೆ ಸಿಗುವ ನೋಟ, ಸದ್ದು, ರುಚಿಯಂಥವು, ಅವು ಓಡುವ ದಾರಿ.

ಬಹಳ ಜನ ಎಡವುವುದು ಇಲ್ಲೇ. ಗೋಡೆಯ ಗೀತೋಪದೇಶದ ಪಟ ಕಣ್ಣಲ್ಲಿ ಕೂತಿರುತ್ತದೆ. ಅಲ್ಲಿ ಸಾರಥಿಯೇ ದೇವರು. ಕಠದ ಸಾರಥಿ ಬರೀ ಬುದ್ಧಿ. ಎರಡನ್ನೂ ಬೆರೆಸಿದಿರೋ, ತಲೆಗೆ ಬಂದ ಯೋಚನೆಯೆಲ್ಲ 'ಒಳಗಿನ ದೇವರ ದನಿ' ಆಗಿಬಿಡುತ್ತದೆ. ರಥಿಕನೂ ಪರಮಾತ್ಮನಲ್ಲ, ಸಂಸಾರಿ ಜೀವ ಎಂದೇ ಶಾಂಕರಭಾಷ್ಯ ಹೇಳುತ್ತದೆ. ಆತ ತಲುಪಬೇಕಾದದ್ದು ವಿಷ್ಣುವಿನ ಪರಮಪದ (ಮಂತ್ರ 9). ಎಲ್ಲ ಜೀವಿಗಳಲ್ಲೂ ಅಡಗಿರುವವನ ಮಾತು ಬರುವುದು 12ರಲ್ಲಿ. ಅವನು ಕಾಣುವುದು ಸೂಕ್ಷ್ಮ ಬುದ್ಧಿಗೆ. ಅಂದರೆ ಬುದ್ಧಿ ಕನ್ನಡಕ, ನೋಡಬೇಕಾದ ವಸ್ತುವಲ್ಲ.

ವಾರವಿಡೀ 3ರಿಂದ 9ರವರೆಗೆ ಅರ್ಥಸಹಿತ ಗಟ್ಟಿಯಾಗಿ ಓದಿ. ರಾತ್ರಿ ಅಂದಿನ ಒಂದೇ ಒಂದು ಸಿಟ್ಟನ್ನು ರಥಕ್ಕೆ ಹೂಡಿ ನೋಡಿ: ಎಳೆದದ್ದು ಕಣ್ಣೋ ಕಿವಿಯೋ, ಲಗಾಮು ಸಡಿಲವಿತ್ತೋ, ಸಾರಥಿಯೇ ತೂಕಡಿಸಿದ್ದನೋ? ಎದುರಿನವನನ್ನು ಕುದುರೆ ಮಾಡಬೇಡಿ, ಕುದುರೆಗಳೆಲ್ಲ ನಿಮ್ಮವೇ.

ಆಮೇಲೆ 13. ಮಾತನ್ನು ಮನಸ್ಸಿನಲ್ಲಿ, ಮನಸ್ಸನ್ನು ಬುದ್ಧಿಯಲ್ಲಿ, ಅದನ್ನು ಮಹತ್ತಿನಲ್ಲಿ (ಎಲ್ಲರ ಬುದ್ಧಿಗೂ ಮೂಲವಾದ ಸಮಷ್ಟಿ ಬುದ್ಧಿ), ಮಹತ್ತನ್ನು ಶಾಂತ ಆತ್ಮನಲ್ಲಿ ಅಡಗಿಸು ಎನ್ನುತ್ತದೆ. ಹತ್ತು ನಿಮಿಷ ಕೂತರೆ ಸಾಕು. ಬಾಯಿ ಮುಚ್ಚಿದರೂ ಒಳಗೆ ವಟವಟ ನಡೆದಿದ್ದರೆ ನೀವಿನ್ನೂ ಮೊದಲ ಮೆಟ್ಟಿಲಲ್ಲೇ ಇದ್ದೀರಿ. ಮಹತ್ತನ್ನು ಕಲ್ಪಿಸಿಕೊಂಡು ಮುಂದೆ ಜಿಗಿಯುವುದು ನನ್ನ ಮಟ್ಟಿಗೆ ಹಗಲುಗನಸು.

ಇದು ಕೈಗೆ ಹತ್ತಿದ ಮೇಲೆ ನಿಮ್ಮದೇ ಜಿಲ್ಲೆಯ ಬಳ್ಳಿಗಾವಿಯ ವಚನಕಾರ ಅಲ್ಲಮನಿಗೆ ಬನ್ನಿ. ಅವನ ಅಂಕಿತ ಗುಹೇಶ್ವರ. ಇದೇ ವಲ್ಲಿಯ ಮೊದಲ ಮಂತ್ರದಲ್ಲೂ ಗುಹೆ ಇದೆ, ಅದನ್ನು ಹೃದಯ ಎಂದು ಓದುವುದುಂಟು. ಆದರೆ ಅವನ ಬೆಡಗಿನ ವಚನ, ಅಂದರೆ ಒಗಟಿನಂಥ ವಚನ, ಕೀಲಿಕೈ ಕೊಡುವುದಿಲ್ಲ. ಹಳೆಯ ಟೀಕೆ (ಅರ್ಥವಿವರಣೆ) ಇರುವ ಪ್ರತಿ ತನ್ನಿ; ಮೊದಲು ನಿಮಗೆ ತೋಚಿದ್ದನ್ನು ಬರೆದಿಟ್ಟು, ಟೀಕೆ ಆಮೇಲೆ ತೆರೆಯಿರಿ.