ಹಿಮದ ಊರಿನಲ್ಲಿ ಒಂದು ಋತುವಿನ ದುಡಿಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪದವಿಯ ನಂತರದ ಬಿಡುವಿನ ವರ್ಷದಲ್ಲಿ ಹೊರದೇಶದ ಸ್ಕೀ ಕೇಂದ್ರಗಳಲ್ಲಿ ದುಡಿಯುವ ವಿಚಾರವಾಗಿ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೆ, ನಾನು ಕಳೆದ ವರ್ಷ ಬಿ.ಇ. ಮುಗಿಸಿದ್ದೇನೆ. ಸ್ನಾತಕೋತ್ತರ ಓದಿಗೆ ಸೇರುವ ಮುನ್ನ ಒಂದು ಋತುವಿನ ಮಟ್ಟಿಗೆ ಯಾವುದಾದರೂ ಸ್ಕೀ ರೆಸಾರ್ಟಿನಲ್ಲಿ ಕೆಲಸ ಮಾಡಬೇಕೆಂಬ ಆಸೆಯಿದೆ. ಕೆನಡಾ ಮತ್ತು ಜಪಾನಿನಲ್ಲಿ ಹೀಗೆ ದುಡಿಯುವ ತರುಣರ ವಿಡಿಯೊಗಳನ್ನು ನೋಡಿದ್ದೇನೆ. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಇದು ಸಾಧ್ಯವೆ? ಯಾವ ದೇಶ ಸೂಕ್ತ?
— ಒಬ್ಬ ಓದುಗ, ಹಾಸನ

ಉತ್ತರ: ಸಾಧ್ಯವಿದೆ, ಆದರೆ ನೀವು ವಿಡಿಯೊದಲ್ಲಿ ನೋಡಿದ ದೇಶಗಳಲ್ಲಿ ಅಲ್ಲ. ಕೆನಡಾದ ವಿಸ್ಲರ್ ಅಥವಾ ಜಪಾನಿನ ನಿಸೆಕೊದಲ್ಲಿ ದುಡಿಯುವ ಬ್ರಿಟಿಷ್, ಫ್ರೆಂಚ್ ಮತ್ತು ಆಸ್ಟ್ರೇಲಿಯನ್ ತರುಣರು ಸಾಮಾನ್ಯವಾಗಿ ‘ವರ್ಕಿಂಗ್ ಹಾಲಿಡೇ’ ವಿಸಾ ಪಡೆದು ಹೋಗಿರುತ್ತಾರೆ. ಅದು ಎರಡು ದೇಶಗಳು ಪರಸ್ಪರ ಒಪ್ಪಂದ ಮಾಡಿಕೊಂಡಾಗ ಮಾತ್ರ ಸಿಗುವಂಥದ್ದು, ಮತ್ತು ಆ ಎರಡೂ ದೇಶಗಳೊಂದಿಗೆ ಭಾರತಕ್ಕೆ ಅಂಥ ಒಪ್ಪಂದವಿಲ್ಲ. ಅಮೆರಿಕದ ಸ್ಕೀ ಕೇಂದ್ರಗಳೂ ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತವೆ. ಆದರೆ ಅದಕ್ಕಾಗಿ ಅಮೆರಿಕ ಕೊಡುವ ವಿಸಾ ವಿದ್ಯಾರ್ಥಿಯ ಸ್ವಂತ ದೇಶದ ದೀರ್ಘ ರಜೆಯ ಅವಧಿಗೆ ಸೀಮಿತವಾದದ್ದರಿಂದ, ಡಿಸೆಂಬರಿನಲ್ಲಿ ಬೇಸಿಗೆ ರಜೆ ಪಡೆಯುವ ಅರ್ಜೆಂಟೀನ, ಪೆರು, ಚಿಲಿಯವರಿಗೆ ಅದು ಹೊಂದುತ್ತದೆ. ಓದು ಮುಗಿಸಿರುವ ನಿಮಗೆ ಹೊಂದುವುದಿಲ್ಲ.

ನಿಮ್ಮ ಮುಂದಿರುವ ನಿಜವಾದ ದಾರಿ ಆಸ್ಟ್ರೇಲಿಯ. ಭಾರತ ಮತ್ತು ಆಸ್ಟ್ರೇಲಿಯ ನಡುವಿನ ವ್ಯಾಪಾರ ಒಪ್ಪಂದದ ಭಾಗವಾಗಿ, 462 ಎಂಬ ಸಂಖ್ಯೆಯ ‘ವರ್ಕ್ ಆ್ಯಂಡ್ ಹಾಲಿಡೇ’ ವಿಸಾ 2024ರಿಂದ ಭಾರತೀಯರಿಗೂ ದೊರೆಯುತ್ತಿದೆ. ವರ್ಷಕ್ಕೆ 1,000 ಜನರಿಗೆ ಅವಕಾಶ, ಅವರನ್ನು ಲಾಟರಿಯ ಮೂಲಕ ಆರಿಸುತ್ತಾರೆ. ವಯಸ್ಸು 18ರಿಂದ 30ರೊಳಗಿರಬೇಕು, ಪಿಯುಸಿಯ ನಂತರ ಕನಿಷ್ಠ ಎರಡು ವರ್ಷಗಳ ಕಾಲೇಜು ಓದು ಮುಗಿದಿರಬೇಕು, ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸರಾಸರಿ 4.5 ಅಂಕ ಬರುವಷ್ಟು ಇಂಗ್ಲಿಷ್ ತಿಳಿದಿರಬೇಕು ಮತ್ತು ಹಿಂದಿರುಗುವ ಪ್ರಯಾಣದ ಖರ್ಚನ್ನು ಬಿಟ್ಟು ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಹಣ ಖಾತೆಯಲ್ಲಿರುವುದನ್ನು ತೋರಿಸಬೇಕು. ಮೊದಲ ಬಾರಿಗೆ ಆ ದೇಶದಲ್ಲಿ ಕಾಲಿಟ್ಟ ದಿನದಿಂದ 12 ತಿಂಗಳು ವಿಸಾ ಚಾಲ್ತಿಯಲ್ಲಿರುತ್ತದೆ. ಒಬ್ಬ ಮಾಲೀಕರ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬ ನಿಯಮವಿದೆಯಾದರೂ, ಅಲ್ಲಿನ ಹಿಮದ ಋತು ಜೂನ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಇರುವುದರಿಂದ ನಿಮಗೆ ಅದು ಅಡ್ಡಿಯಾಗುವುದಿಲ್ಲ.

ಆಸ್ಟ್ರೇಲಿಯದಲ್ಲಿ ಹಿಮವೇ ಎಂದು ಅನೇಕರು ಅಚ್ಚರಿಪಡುತ್ತಾರೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, 2,228 ಮೀಟರ್ ಎತ್ತರದ ಕೊಸಿಯಸ್ಕೊ ಶಿಖರದ ಆಸುಪಾಸಿನಲ್ಲಿ ಪೆರಿಶರ್, ಥ್ರೆಡ್ಬೊ ಮತ್ತು ಶಾರ್ಲಟ್ ಪಾಸ್ ಕೇಂದ್ರಗಳಿವೆ. ವಿಕ್ಟೋರಿಯ ರಾಜ್ಯದಲ್ಲಿ ಮೌಂಟ್ ಬುಲ್ಲರ್, ಮೌಂಟ್ ಹೋಥಮ್ ಮತ್ತು ಫಾಲ್ಸ್ ಕ್ರೀಕ್ ಮುಖ್ಯವಾದವು. ಶಾರ್ಲಟ್ ಪಾಸ್‌ನಲ್ಲಿ 1994ರ ಜೂನ್‌ನಲ್ಲಿ ದಾಖಲಾದ ಮೈನಸ್ 23 ಡಿಗ್ರಿ ಸೆಲ್ಸಿಯಸ್ ಆ ದೇಶದಲ್ಲಿಯೇ ಅತಿ ಕಡಿಮೆ ಉಷ್ಣಾಂಶವಾಗಿದೆ.

ಬ್ರಿಟನ್ನಿನ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್’ ಯೋಜನೆಯೂ ಇದೆ. ಅದರಲ್ಲಿ ಪದವೀಧರರಿಗೆ ಎರಡು ವರ್ಷಗಳ ವಿಸಾ ಸಿಗುತ್ತದೆ ಮತ್ತು ಅಲ್ಲಿಯೂ ಲಾಟರಿಯ ಮೂಲಕವೇ ಆಯ್ಕೆ ನಡೆಯುತ್ತದೆ. ಆದರೆ ಸ್ಕಾಟ್ಲೆಂಡಿನ ಕೈರ್ನ್‌ಗಾರ್ಮ್, ಗ್ಲೆನ್‌ಶೀಯಂಥ ಸ್ಕೀ ಕೇಂದ್ರಗಳು ಚಿಕ್ಕವು. ಬ್ರಿಟಿಷ್ ವಿಸಾ ಇಟ್ಟುಕೊಂಡು ಫ್ರಾನ್ಸಿನ ಆಲ್ಪ್ಸ್‌ನಲ್ಲಿ ದುಡಿಯಲು ಬರುವುದೂ ಇಲ್ಲ. ಹಿಮದ ಊರಿನ ಬದುಕೇ ನಿಮ್ಮ ಗುರಿಯಾಗಿದ್ದರೆ ಆಸ್ಟ್ರೇಲಿಯಕ್ಕೇ ಪ್ರಯತ್ನಿಸಿ ಎನ್ನುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ. ಆಸ್ಟ್ರೇಲಿಯದ ಸ್ಕೀ ರೆಸಾರ್ಟಿನಲ್ಲಿ ಕೆಲಸ ಕೊಡಿಸುವುದಾಗಿಯೂ ವಿಸಾ ಖಂಡಿತ ಸಿಗುವುದಾಗಿಯೂ ಹೇಳಿ ಏಜೆಂಟರೊಬ್ಬರು 4 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಅದು ತಡವಾದರೆ ಮೊದಲು ಪ್ರವಾಸಿ ವಿಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಕೊಳ್ಳಬಹುದು ಎಂದೂ ಹೇಳಿದ್ದಾರೆ. ನಂಬಬಹುದೆ? ಹೆಣ್ಣುಮಗಳೊಬ್ಬಳನ್ನು ಅಷ್ಟು ದೂರ ಕಳಿಸುವುದು ಸರಿಯೆ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ತಾಯಿ, ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಈ ವಿಸಾಕ್ಕೆ ಮೊದಲು ಆಸ್ಟ್ರೇಲಿಯ ಸರ್ಕಾರದ ಗೃಹ ಇಲಾಖೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅದರ ಶುಲ್ಕ 25 ಆಸ್ಟ್ರೇಲಿಯನ್ ಡಾಲರ್. ಪಾಸ್‌ಪೋರ್ಟ್ ಮತ್ತು ಪ್ಯಾನ್ ಕಾರ್ಡಿನ ವಿವರ ಇದ್ದರೆ ನಿಮ್ಮ ಮಗಳು ಮನೆಯಲ್ಲಿಯೇ ಕುಳಿತು ಆ ಕೆಲಸ ಮುಗಿಸಬಹುದು. ನೋಂದಾಯಿಸಿದವರ ಪೈಕಿ ಕಂಪ್ಯೂಟರ್ ಯಾದೃಚ್ಛಿಕವಾಗಿ ಹೆಸರುಗಳನ್ನು ಎತ್ತುತ್ತದೆ. ಆಯ್ಕೆಯಾದವರು 28 ದಿನಗಳೊಳಗೆ ಪೂರ್ಣ ಅರ್ಜಿಯನ್ನೂ ವಿಸಾ ಶುಲ್ಕವನ್ನೂ ಸಲ್ಲಿಸಬೇಕು. 2024ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ನೋಂದಣಿ ತೆರೆದಾಗ ಎರಡೇ ವಾರಗಳಲ್ಲಿ ಸುಮಾರು 40 ಸಾವಿರ ಮಂದಿ ಹೆಸರು ಕೊಟ್ಟಿದ್ದರು, ಇದ್ದದ್ದು 1,000 ಸ್ಥಾನ. ಇಂಥ ಲಾಟರಿಯಲ್ಲಿ ಒಬ್ಬರ ಹೆಸರು ಬಂದೇ ಬರುತ್ತದೆ ಎಂದು ಭರವಸೆ ಕೊಡುವ ಶಕ್ತಿ ಭೂಮಿಯ ಮೇಲಿನ ಯಾವ ಏಜೆಂಟರಿಗೂ ಇಲ್ಲ. ನೋಂದಣಿಯ ಅವಧಿ ಪ್ರತಿವರ್ಷ ಒಂದೇ ತಿಂಗಳಿನಲ್ಲಿ ಬರುವುದಿಲ್ಲವಾದ್ದರಿಂದ ಇಲಾಖೆಯ ಜಾಲತಾಣವನ್ನು ಆಗಾಗ ನೋಡುತ್ತಿರಲು ಮಗಳಿಗೆ ಹೇಳಿ.

ಪ್ರವಾಸಿ ವಿಸಾದಲ್ಲಿ ಹೋಗಿ ದುಡಿಯುವ ಸಲಹೆ ಇನ್ನೂ ಅಪಾಯಕಾರಿ. ಅದು ಕಾನೂನಿಗೆ ವಿರುದ್ಧವಾದ ಕೆಲಸ; ಸಿಕ್ಕಿಬಿದ್ದರೆ ವಿಸಾ ರದ್ದಾಗುವುದಲ್ಲದೆ, ಮುಂದೆ ಓದಿಗಾಗಿ ಆ ದೇಶಕ್ಕೆ ಹೋಗಬೇಕೆಂದರೂ ಬಾಗಿಲು ಮುಚ್ಚಬಹುದು. ಅದಕ್ಕಿಂತ ಹೆಚ್ಚಾಗಿ, ಕಾಗದಪತ್ರವಿಲ್ಲದೆ ದುಡಿಯುವವಳು ಸಂಬಳ ಕೊಡದ ಮಾಲೀಕನ ವಿರುದ್ಧ ದೂರು ಕೊಡಲು ಹೆದರುತ್ತಾಳೆ, ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನನ್ನ ಆತಂಕವೆಲ್ಲ ಇದೇ ವಿಷಯದ್ದು.

ಸರಿಯಾದ ವಿಸಾದ ಮೇಲೆ, ಕೆಲಸದ ಕರಾರು ಕೈಯಲ್ಲಿ ಹಿಡಿದು ಹೋಗುವುದಾದರೆ ಹೆಣ್ಣುಮಗಳು ಎಂಬ ಕಾರಣಕ್ಕೆ ತಡೆಯಬೇಡಿ. ಈ ಕೇಂದ್ರಗಳ ನೌಕರರಲ್ಲಿ ತರುಣಿಯರು ಬಹಳ ಮಂದಿ ಇರುತ್ತಾರೆ. ಆದರೆ ನೌಕರರ ವಸತಿಯಲ್ಲಿ ಕೊಠಡಿಯನ್ನು ಹಂಚಿಕೊಳ್ಳಬೇಕಾಗುತ್ತದೆಯಾದ್ದರಿಂದ, ಹೆಂಗಸರಿಗೇ ಮೀಸಲಾದ ಕೊಠಡಿ ಸಿಗುತ್ತದೆಯೆ, ಬಾಗಿಲಿಗೆ ಬೀಗವಿದೆಯೆ, ರಾತ್ರಿ ಪಾಳಿಯ ನಂತರ ವಸತಿಗೆ ಮರಳಲು ಬಸ್ಸಿದೆಯೆ ಎಂಬುದನ್ನು ಕರಾರಿಗೆ ಸಹಿ ಹಾಕುವ ಮುನ್ನ ಇಮೇಲ್ ಮೂಲಕ ಕೇಳಿ ಉತ್ತರವನ್ನು ಇಟ್ಟುಕೊಳ್ಳಲಿ. ಕೆಲಸ ಮುಗಿದ ಮೇಲೆ ಸಹೋದ್ಯೋಗಿಗಳು ಒಟ್ಟಾಗಿ ಕುಡಿಯುವುದು ಅಲ್ಲಿ ಸಾಮಾನ್ಯ. ಬೇಡ ಎಂದು ಹೇಳಿ ಎದ್ದು ಬರುವ ಗಟ್ಟಿತನ ಅವಳಿಗೆ ಇದೆಯೆ ಎಂಬುದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಅಲ್ಲಿ ಎಂಥ ಕೆಲಸ ಸಿಗುತ್ತದೆ, ಎಷ್ಟು ಉಳಿಸಬಹುದು? ನಾನು ಕಟ್ಟಾ ಸಸ್ಯಾಹಾರಿ, ಊಟಕ್ಕೆ ತೊಂದರೆಯಾದೀತೆ?
— ವಾಣಿಜ್ಯ ಪದವೀಧರ, ಶಿವಮೊಗ್ಗ

ಉತ್ತರ: ಸ್ಕೀ ಕಲಿಸುವವರನ್ನು ಮಾತ್ರ ಕಣ್ಣ ಮುಂದೆ ಇಟ್ಟುಕೊಂಡು ಹೊರಟವರಿಗೆ ನಿರಾಸೆಯಾಗುತ್ತದೆ. ಹೊಸಬರಿಗೆ ಸಿಗುವ ಕೆಲಸಗಳು ಹೋಟೆಲ್ ಕೊಠಡಿಗಳ ಹಾಸಿಗೆ ಬದಲಿಸುವುದು, ಅಡುಗೆಮನೆಯಲ್ಲಿ ಪಾತ್ರೆ ತೊಳೆದು ತರಕಾರಿ ಹೆಚ್ಚುವುದು, ಕಾಫಿ ಮಾಡುವುದು, ಬಾಡಿಗೆಗೆ ಕೊಡುವ ಬೂಟು ಮತ್ತು ಸ್ಕೀಗಳನ್ನು ಗ್ರಾಹಕರ ಅಳತೆಗೆ ಹೊಂದಿಸುವುದು, ಟಿಕೆಟ್ ಮಾರುವುದು, ಚೇರ್ ಲಿಫ್ಟಿನ ಬಳಿ ನಿಂತು ಜನರನ್ನು ಜೋಪಾನವಾಗಿ ಹತ್ತಿಸಿ ಇಳಿಸುವುದು. ಈ ಕೊನೆಯ ಕೆಲಸ ಸುಲಭವೆಂದು ಕಾಣುತ್ತದೆ. ಬೆಳಗಾಗುವ ಮುನ್ನ ಬಂದು ಲಿಫ್ಟ್ ನಿಲ್ದಾಣದ ಹಿಮವನ್ನು ಸಲಿಕೆಯಿಂದ ತೆಗೆದು, ಗಾಳಿ ಮತ್ತು ಆಲಿಕಲ್ಲಿನಂಥ ಮಳೆಯಲ್ಲಿ ದಿನವಿಡೀ ನಿಂತು, ಎಡವಿ ಬಿದ್ದ ಮಗುವನ್ನು ಕಂಡ ಕ್ಷಣದಲ್ಲಿಯೇ ಯಂತ್ರವನ್ನು ನಿಲ್ಲಿಸುವಷ್ಟು ಎಚ್ಚರದಿಂದ ಇರಬೇಕಾದ ಹೊಣೆಗಾರಿಕೆ ಅದು. ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ಮಲೆನಾಡಿನ ತೋಟಗಳಿಗೆ ಹೊರಗಿನಿಂದ ಬರುವ ಜನ ಲೈನ್ ಮನೆಗಳಲ್ಲಿ ಉಳಿದು, ಫಸಲು ಇರುವಷ್ಟು ದಿನ ದುಡಿದು ಹೋಗುವಂತೆಯೇ ಇದೂ ಋತುವನ್ನು ನಂಬಿದ ದುಡಿಮೆ. ಬೇರೆಯವರ ರಜೆ ಸುಗಮವಾಗಿ ಸಾಗುವಂತೆ ನೋಡಿಕೊಳ್ಳುವುದೇ ಇಲ್ಲಿ ನಿಮ್ಮ ಕೆಲಸ. ಆ ದುಡಿಮೆಯನ್ನು ಗೌರವದಿಂದ ಮಾಡುವ ಮನಸ್ಸಿದ್ದರೆ ಮಾತ್ರ ಹೋಗಿ.

ಅರ್ಜಿಗಳನ್ನು ದೊಡ್ಡ ಕೇಂದ್ರಗಳು ತಮ್ಮ ಜಾಲತಾಣಗಳಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿಯೇ ಕರೆಯುತ್ತವೆ. ಮೇ ತಿಂಗಳಿನವರೆಗೆ ಕಾದರೆ ವಸತಿ ಇರುವ ಕೆಲಸಗಳು ಮುಗಿದುಹೋಗಿರುತ್ತವೆ. ಮದ್ಯ ಬಡಿಸುವ ಕೆಲಸಕ್ಕೆ ಆಯಾ ರಾಜ್ಯದ ‘ಆರ್‌ಎಸ್‌ಎ’ ಪ್ರಮಾಣಪತ್ರ ಬೇಕು, ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಹಿನ್ನೆಲೆಯ ಸರ್ಕಾರಿ ತಪಾಸಣೆ ಇರುತ್ತದೆ.

ಹಣದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. 2025ರ ಜುಲೈ 1ರಿಂದ ಜಾರಿಗೆ ಬಂದ ಆಸ್ಟ್ರೇಲಿಯದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಇದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ, ಕಾಯಂ ಅಲ್ಲದ ‘ಕ್ಯಾಶುಯಲ್’ ನೌಕರರಿಗೆ ಇದರ ಮೇಲೆ ಶೇ 25ರಷ್ಟು ಹೆಚ್ಚುವರಿ ಸೇರುತ್ತದೆ. ಹೆಚ್ಚುವರಿ ಇಲ್ಲದೆ ವಾರಕ್ಕೆ 30 ಗಂಟೆ ದುಡಿದರೆ ಸುಮಾರು 748 ಡಾಲರ್ ಆಗುತ್ತದೆ. ನಿಮ್ಮ ವಿಸಾದವರಿಗೆ ವರ್ಷಕ್ಕೆ 45,000 ಡಾಲರ್‌ವರೆಗಿನ ಗಳಿಕೆಯ ಮೇಲೆ, ಮೊದಲ ಡಾಲರಿನಿಂದಲೇ, ಶೇ 15ರಷ್ಟು ತೆರಿಗೆ ಇರುವುದರಿಂದ ಕೈಗೆ ಬರುವುದು ಸುಮಾರು 636 ಡಾಲರ್. ಅದರಲ್ಲಿ ವಸತಿ, ಊಟ, ಬೆಚ್ಚನೆಯ ಬಟ್ಟೆ, ಬಸ್ಸು ಎಲ್ಲವೂ ನಡೆಯಬೇಕು. ಮಾಲೀಕರು ಸಂಬಳದ ಜೊತೆಗೆ ಶೇ 12ರಷ್ಟನ್ನು ‘ಸೂಪರ್’ ಎಂಬ ನಿವೃತ್ತಿ ನಿಧಿಗೆ ಕಟ್ಟುತ್ತಾರೆ. ದೇಶ ಬಿಟ್ಟ ಮೇಲೆ ಅದನ್ನು ಕೇಳಿ ಪಡೆಯಬಹುದಾದರೂ ನಿಮ್ಮಂಥವರಿಗೆ ಅದರಲ್ಲಿ ಶೇ 65ರಷ್ಟು ತೆರಿಗೆಗೆ ಹೋಗುವುದರಿಂದ ಅದನ್ನು ಉಳಿತಾಯವೆಂದು ಎಣಿಸಬೇಡಿ.

ಕರಾರಿನಲ್ಲಿ ನೀವು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ವಾರಕ್ಕೆ ಕನಿಷ್ಠ ಇಷ್ಟು ಗಂಟೆ ಕೆಲಸ ಕೊಡುತ್ತೇವೆ ಎಂಬ ಮಾತು ಅದರಲ್ಲಿ ಇದೆಯೆ ಎಂಬುದನ್ನು. ಶಾಲೆಗಳಿಗೆ ರಜೆ ಇರುವ ಜುಲೈ ತಿಂಗಳಲ್ಲಿ ಬಿಡುವೇ ಇಲ್ಲದಷ್ಟು ಕೆಲಸವಿದ್ದರೆ, ಹಿಮ ಕಡಿಮೆಯಾದ ವಾರಗಳಲ್ಲಿ ಗಂಟೆಗಳನ್ನು ಕಡಿತ ಮಾಡುತ್ತಾರೆ. 2024ರಲ್ಲಿ ಹಿಮ ಸಾಲದೆ ಕೆಲವು ಕೇಂದ್ರಗಳು ಸೆಪ್ಟೆಂಬರಿನಲ್ಲಿಯೇ ಮುಚ್ಚಿದವು. ಗಂಟೆಗಳು ಕಡಿಮೆಯಾದರೂ ಬಾಡಿಗೆ ಕಡಿಮೆಯಾಗುವುದಿಲ್ಲ. ಪೆರಿಶರ್ ಮತ್ತು ಥ್ರೆಡ್ಬೊ ನೌಕರರಲ್ಲಿ ಅನೇಕರು ಉಳಿಯುವ ಜಿಂಡಬೈನ್ ಊರಿನಲ್ಲಿ ಚಳಿಗಾಲದ ಬಾಡಿಗೆ ಕೊಠಡಿಗಳಿಗೆ ವಿಪರೀತ ಬೇಡಿಕೆಯಿದೆ. ಆದ್ದರಿಂದ ವಸತಿಸಹಿತ ಕೆಲಸವನ್ನೇ ಹುಡುಕಿ, ಕಣ್ಣಾರೆ ನೋಡದ ಕೊಠಡಿಗೆ ಅಪರಿಚಿತರ ಖಾತೆಗೆ ಮುಂಗಡ ಹಾಕಬೇಡಿ. ಸಂಬಳದಲ್ಲಿ ಮೋಸವಾದರೆ ‘ಫೇರ್ ವರ್ಕ್ ಆಂಬುಡ್ಸ್‌ಮನ್’ ಎಂಬ ಸರ್ಕಾರಿ ಕಚೇರಿಗೆ ವಿದೇಶಿ ನೌಕರರೂ ಉಚಿತವಾಗಿ ದೂರು ಕೊಡಬಹುದು. ಒಟ್ಟಿನಲ್ಲಿ ವಿಮಾನದ ಖರ್ಚು ಮತ್ತು ವಿಸಾ ಶುಲ್ಕ ಮರಳಿ ಬಂದು ಒಂದಿಷ್ಟು ಮಿಕ್ಕರೆ ಅದನ್ನು ಒಳ್ಳೆಯ ಋತುವೆಂದೇ ತಿಳಿಯಬೇಕು. ಮನೆಯ ಸಾಲ ತೀರಿಸುವ ಉದ್ದೇಶವಿದ್ದರೆ ಈ ದಾರಿ ಬೇಡ.

ಸಸ್ಯಾಹಾರದ ಬಗ್ಗೆ ಚಿಂತಿಸಬೇಕಿಲ್ಲ. ಅಂಗಡಿಗಳಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತವೆ. ನೌಕರರ ವಸತಿಯಲ್ಲಿ ನಿಮಗೆ ಬಳಸಲು ಅಡುಗೆಮನೆ ಇದೆಯೆ ಎಂದು ಮೊದಲೇ ವಿಚಾರಿಸಿ. ಆದರೆ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರೆ ಮಾಂಸವನ್ನು ಮುಟ್ಟಲೇಬೇಕಾಗುತ್ತದೆ. ಅದು ಒಗ್ಗದಿದ್ದರೆ ಲಿಫ್ಟ್, ಟಿಕೆಟ್ ಅಥವಾ ಬಾಡಿಗೆ ಅಂಗಡಿಯ ಕೆಲಸಕ್ಕೆ ಅರ್ಜಿ ಹಾಕಿ. ಸಾಂಬಾರು ಪುಡಿಯನ್ನು ಹೊತ್ತು ಹೋಗುವುದಾದರೆ ವಿಮಾನ ನಿಲ್ದಾಣದ ಘೋಷಣೆಯ ಕಾಗದದಲ್ಲಿ ಅದನ್ನು ತಪ್ಪದೆ ನಮೂದಿಸಿ. ಆಹಾರ ಪದಾರ್ಥಗಳನ್ನು ಮುಚ್ಚಿಟ್ಟವರಿಗೆ ಆಸ್ಟ್ರೇಲಿಯ ದೊಡ್ಡ ದಂಡ ಹಾಕುತ್ತದೆ.

ಪ್ರಶ್ನೆ: ನಾನು ಹಿಮವನ್ನೇ ಕಂಡಿಲ್ಲ. ಸ್ಕೀ ಬಾರದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಯೆ? ಇಲ್ಲಿಯೇ ಕಲಿಯಲು ಅವಕಾಶವಿದೆಯೆ? ಪೆಟ್ಟಾದರೆ ಗತಿಯೇನು?
— ಒಬ್ಬ ಓದುಗರು, ಮಡಿಕೇರಿ

ಉತ್ತರ: ಮೇಲೆ ಹೇಳಿದ ಬಹುಪಾಲು ಕೆಲಸಗಳಿಗೆ ಸ್ಕೀ ಬರಬೇಕಿಲ್ಲ, ನೌಕರರಿಗೆ ಲಿಫ್ಟ್ ಪಾಸನ್ನು ಉಚಿತವಾಗಿಯೋ ರಿಯಾಯಿತಿಯಲ್ಲಿಯೋ ಕೊಡುವ ವಾಡಿಕೆ ಇರುವುದರಿಂದ ಬಿಡುವಿನ ದಿನಗಳಲ್ಲಿ ಅಲ್ಲಿಯೇ ಕಲಿಯಬಹುದು. ಆದರೂ ಮೊದಲು ಇಲ್ಲಿ ಕಲಿತು ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಗುಲ್ಮಾರ್ಗಿನಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಮತ್ತು ಉತ್ತರಾಖಂಡದ ಔಲಿಯಲ್ಲಿ ಆರಂಭಿಕ ತರಬೇತಿಗಳು ನಡೆಯುತ್ತವೆ. ನಿಮ್ಮ ಕೊಡಗಿನವರೇ ಆದ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ ಎಂಬುದನ್ನು ನೆನೆದರೆ, ಹಿಮವಿಲ್ಲದ ನಾಡಿನಲ್ಲಿ ಹುಟ್ಟಿದ್ದು ಅಡ್ಡಿಯೆಂದು ಅನ್ನಿಸದು.

ಪೆಟ್ಟಿನ ಪ್ರಶ್ನೆಯನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಹೊರಡುವವರು ಮರೆಯುವುದು ಇದನ್ನೇ. ಕೆಲಸದ ವೇಳೆಯಲ್ಲಿ ಗಾಯವಾದರೆ ಅಲ್ಲಿನ ಕಾರ್ಮಿಕ ಪರಿಹಾರ ಕಾನೂನು ಅನ್ವಯಿಸುತ್ತದೆ. ಬಿಡುವಿನ ದಿನ ಸ್ಕೀ ಮಾಡುತ್ತಾ ಮೊಣಕಾಲಿನ ಸ್ನಾಯು ಹರಿದರೆ, ಸ್ನೋಬೋರ್ಡಿನಿಂದ ಬಿದ್ದು ಮಣಿಕಟ್ಟು ಮುರಿದರೆ, ಆ ಕಾನೂನು ಬರುವುದಿಲ್ಲ. ಭಾರತಕ್ಕೂ ಆಸ್ಟ್ರೇಲಿಯಕ್ಕೂ ಆರೋಗ್ಯ ಸೇವೆಯ ಪರಸ್ಪರ ಒಪ್ಪಂದ ಇಲ್ಲದ ಕಾರಣ ಅಲ್ಲಿನ ‘ಮೆಡಿಕೇರ್’ ಸೌಲಭ್ಯವೂ ನಿಮಗೆ ಸಿಗುವುದಿಲ್ಲ. ಆಸ್ಪತ್ರೆಯ ಬಿಲ್ಲು ಒಂದು ಕಡೆ, ನಿಂತುಹೋದ ಸಂಬಳ ಇನ್ನೊಂದು ಕಡೆ ಆಗುತ್ತದೆ. ಆದ್ದರಿಂದ ಇಡೀ ಅವಧಿಗೆ ವಿಮೆ ಮಾಡಿಸಿ ಮತ್ತು ಆ ಪಾಲಿಸಿಯಲ್ಲಿ ಸ್ಕೀಯಿಂಗ್, ಸ್ನೋಬೋರ್ಡಿಂಗ್ ಹಾಗೂ ಹಿಮದ ಇಳಿಜಾರಿನಿಂದ ಸಾಗಿಸುವ ರಕ್ಷಣಾ ಸೇವೆಯ ಖರ್ಚು ಸೇರಿವೆಯೆ ಎಂದು ಓದಿ ನೋಡಿ. ಸಾಮಾನ್ಯ ಪ್ರಯಾಣ ವಿಮೆಗಳು ಅನೇಕ ವೇಳೆ ಇವನ್ನು ಹೊರಗಿಡುತ್ತವೆ. ಹೆಲ್ಮೆಟ್ ಇಲ್ಲದೆ ಇಳಿಜಾರಿಗೆ ಹೋಗಬೇಡಿ, ಹಿಮದ ಮೇಲಿನ ಬಿಸಿಲಿನ ಪ್ರತಿಫಲನಕ್ಕೆ ಕಣ್ಣಿಗೂ ಚರ್ಮಕ್ಕೂ ರಕ್ಷಣೆ ಇರಲಿ.

ಕಾಲಗಣನೆಯೂ ನಿಮಗೆ ಅನುಕೂಲವಾಗಿದೆ. ಹಿಮಾಲಯದ ತರಬೇತಿಗಳು ಜನವರಿಯಿಂದ ಮಾರ್ಚ್ ನಡುವೆ ನಡೆಯುತ್ತವೆ, ಆಸ್ಟ್ರೇಲಿಯದ ಕೇಂದ್ರಗಳು ಅದೇ ತಿಂಗಳುಗಳಲ್ಲಿ ಅರ್ಜಿ ಕರೆದು ಜೂನ್‌ನಲ್ಲಿ ಬಾಗಿಲು ತೆರೆಯುತ್ತವೆ. ಲಾಟರಿಯಲ್ಲಿ ಹೆಸರು ಬಂದು ವಿಸಾ ಕೈಸೇರುವವರೆಗೆ ವಿಮಾನದ ಟಿಕೆಟ್ ಮಾತ್ರ ಕೊಳ್ಳಬೇಡಿ.