ಓದುವ ಮೊದಲು ಓಡಲಿ: ಎಡಿಎಚ್‌ಡಿ ಮತ್ತು ವ್ಯಾಯಾಮ

ಪ್ರಶ್ನೆ: ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು ಇರುವ ತೊಂದರೆ) ಇದೆ ಎಂದು ವೈದ್ಯರು ಹೇಳಿದ್ದಾರೆ. ಹೋಂವರ್ಕ್‌ಗೆ ಕೂತ 5 ನಿಮಿಷಕ್ಕೇ ಎದ್ದುಬಿಡುತ್ತಾನೆ. ಹೋಂವರ್ಕ್ ಮುಗಿಸಿದರೆ ಮಾತ್ರ ಆಟ ಎಂದು ಕಟ್ಟುನಿಟ್ಟು ಮಾಡಿದ್ದೇನೆ. ಈಗ ಓದೂ ಇಲ್ಲ, ಆಟವೂ ಇಲ್ಲ, ದಿನಾ ರಂಪ. ವ್ಯಾಯಾಮದಿಂದ ಪ್ರಯೋಜನ ಇದೆಯೇ?

ಉತ್ತರ: ಇದೆ. ಆದರೆ ಮೊದಲು ನಿಮ್ಮ ನಿಯಮವನ್ನು ತಿರುವು ಮುರುವು ಮಾಡಿ: ಆಟ ಮೊದಲು, ಹೋಂವರ್ಕ್ ಆಮೇಲೆ. ಒಂದೆಡೆ ಗಮನ ನಿಲ್ಲಿಸುವ, ದುಡುಕನ್ನು ತಡೆಯುವ ಕೆಲಸ ಮಿದುಳಿನ ಮುಂಭಾಗದ್ದು. ಅದು ಸರಿಯಾಗಿ ನಡೆಯಲು ಡೋಪಮೈನ್, ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಬೇಕು. ಎಡಿಎಚ್‌ಡಿ ಔಷಧಿಗಳು ಪ್ರಭಾವ ಬೀರುವುದೂ ಇವುಗಳ ಮೇಲೆಯೇ. ಮೈ ಬೆವರುವಂತೆ ಓಡಿದಾಗಲೂ ಇವು ಸ್ವಲ್ಪ ಹೊತ್ತು ಚುರುಕಾಗುತ್ತವೆ ಎಂಬುದು ತಜ್ಞರ ವಿವರಣೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8ರಿಂದ 10 ವರ್ಷದ ಮಕ್ಕಳಿಗೆ 20 ನಿಮಿಷ ಟ್ರೆಡ್‌ಮಿಲ್ ವ್ಯಾಯಾಮ ಮಾಡಿಸಿದ್ದರು. ಅಷ್ಟೇ ಹೊತ್ತು ಕೂತು ಓದಿದ ದಿನಕ್ಕಿಂತ ವ್ಯಾಯಾಮ ಮಾಡಿದ ದಿನ, ಎಡಿಎಚ್‌ಡಿ ಇದ್ದವರೂ ಇಲ್ಲದವರೂ ಓದಿದ್ದನ್ನು ಗ್ರಹಿಸುವುದರಲ್ಲಿ, ಲೆಕ್ಕದಲ್ಲಿ ಮುಂದಿದ್ದರು.

ಹೀಗೆ ಮಾಡಿ. ಹೊರಗೆ ಹೋಗುವ ಮೊದಲೇ ಮೇಜಿನ ಮೇಲೆ ಆ ದಿನದ ಪುಟ ತೆರೆದಿಡಿ, ಪೆನ್ಸಿಲ್ ಚೂಪು ಮಾಡಿಡಿ. 3 ನಿಮಿಷ ಬಿರುಸಾದ ನಡಿಗೆ. ಆಮೇಲೆ ಸ್ಕಿಪ್ಪಿಂಗ್: 30 ಸೆಕೆಂಡ್ ಹಾರುವುದು, 30 ಸೆಕೆಂಡ್ ನಿಂತಲ್ಲೇ ನಡೆಯುವುದು, ಹೀಗೆ 8 ಸುತ್ತು. ನಂತರ 6 ನಿಮಿಷ ಓಟ ಅಥವಾ ಸೈಕಲ್. ಕೊನೆಗೆ 3 ನಿಮಿಷ ನಿಧಾನ ನಡಿಗೆ, ಒಂದು ಲೋಟ ನೀರು. ಓಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಏದುಸಿರು ಅಷ್ಟಿದ್ದರೆ ಸಾಕು. ಪೂರ್ತಿ ಸುಸ್ತು ಹೊಡೆಸಿದರೆ ಪುಸ್ತಕದ ಮೇಲೇ ನಿದ್ದೆ ಹೋಗುತ್ತಾನೆ.

10 ನಿಮಿಷದೊಳಗೆ ಓದಲು ಕೂರಿಸಿ. ನಡುವೆ ಮೊಬೈಲ್ ಕೈಗೆ ಸಿಕ್ಕರೆ ಮಾಡಿದ್ದೆಲ್ಲ ವ್ಯರ್ಥ. ಈ ಚುರುಕು ಹೆಚ್ಚು ಹೊತ್ತು ಉಳಿಯುವುದಿಲ್ಲ, ಆದ್ದರಿಂದ ಕಷ್ಟದ ವಿಷಯ ಮೊದಲು, ಬರವಣಿಗೆ ಕೊನೆಗೆ.

ಹೆಚ್ಚಾಗಿ ಕೆಡುವುದು ಆಟ ನಿಲ್ಲಿಸುವ ಗಳಿಗೆಯಲ್ಲಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದೇ ಈ ಮಕ್ಕಳಿಗೆ ದೊಡ್ಡ ಕಷ್ಟ. “ಸಾಕು, ಬಾ” ಎಂದು ಥಟ್ಟನೆ ಕರೆದರೆ ಸಿಟ್ಟು ಗ್ಯಾರಂಟಿ. ಸುತ್ತುಗಳನ್ನು ಅವನೇ ಎಣಿಸಲಿ. “ಇನ್ನು ಎರಡೇ ಸುತ್ತು” ಎಂದು ಮೊದಲೇ ಗೊತ್ತಿದ್ದರೆ ಇಳಿದು ಬರುವುದು ಸುಲಭ. ಸರದಿಗಾಗಿ ಕಾದು ನಿಲ್ಲುವ ಆಟಗಳನ್ನು ಈ ಹೊತ್ತಿಗೆ ಆರಿಸಬೇಡಿ. ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ಶಿಕ್ಷೆಯಾಗಿ ಆಟ ಕಿತ್ತುಕೊಳ್ಳಬೇಡಿ. ಅವನಿಗೆ ನೆರವಾಗುವುದನ್ನೇ ಕಿತ್ತುಕೊಂಡಂತೆ ಆಗುತ್ತದೆ.

ಈ 20 ನಿಮಿಷ ಓದಿನ ಸಿದ್ಧತೆಗೆ ಮಾತ್ರ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪ್ರಶ್ನೆ: ನನಗೆ 34 ವರ್ಷ, ಎಡಿಎಚ್‌ಡಿ ಇದೆ. ಜಿಮ್‌ಗೆ ಸೇರುತ್ತೇನೆ, ಎರಡು ವಾರಕ್ಕೆ ಬಿಟ್ಟುಬಿಡುತ್ತೇನೆ. ನನಗೆ ಶಿಸ್ತೇ ಇಲ್ಲವೇನೋ.

ಉತ್ತರ: ಇದು ಶಿಸ್ತಿನ ಪ್ರಶ್ನೆಯಲ್ಲ. ಹೊಸತನ ಹೋದ ಕೂಡಲೇ ಆಸಕ್ತಿ ಕುಸಿಯುವುದು, ಕೆಲಸ ಶುರು ಮಾಡಲು ಒದ್ದಾಡುವುದು ಎಡಿಎಚ್‌ಡಿಯ ಸ್ವಭಾವ. ಅದಕ್ಕೆ ತಕ್ಕಂತೆ ಯೋಜನೆ ಹಾಕಿಕೊಳ್ಳಿ. ಎರಡು ಮೂರು ಬಗೆಯ ವ್ಯಾಯಾಮ ಇಟ್ಟುಕೊಂಡು ಬೇಸರ ಬರುವ ಮೊದಲೇ ಬದಲಿಸಿ. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಕರಾಟೆಯಂಥವು ಕ್ಷಣಕ್ಷಣಕ್ಕೂ ಗಮನ ಬೇಡುವುದರಿಂದ ಹಲವರಿಗೆ ಹೆಚ್ಚು ದಿನ ಒಗ್ಗುತ್ತವೆ. ಎದುರಿಗೆ ಆಡಲು ಒಬ್ಬರು ಕಾಯುತ್ತಿದ್ದರೆ ತಪ್ಪಿಸುವುದೂ ಕಷ್ಟ. ಬಟ್ಟೆ, ಶೂ ರಾತ್ರಿಯೇ ಕಣ್ಣಿಗೆ ಬೀಳುವಲ್ಲಿ ಇಡಿ. ಬೇಡವೆನಿಸಿದ ದಿನ 10 ನಿಮಿಷ ಮಾಡಿ ನಿಲ್ಲಿಸಲು ನಿಮಗೆ ನೀವೇ ಅನುಮತಿ ಕೊಟ್ಟುಕೊಳ್ಳಿ. ವಾರಕ್ಕೆ 150 ನಿಮಿಷ ಗುರಿ, ಆದರೆ ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ. ಮರುದಿನ ದುಪ್ಪಟ್ಟು ಮಾಡಿ ಮೈಕೈ ನೋಯಿಸಿಕೊಂಡವರೇ ಮೂರನೇ ದಿನ ಬಿಡುವುದು.

ಪ್ರಶ್ನೆ: ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ವ್ಯಾಯಾಮ ಮಾಡಬಹುದೇ? ಮಾತ್ರೆ ಬಿಡಬಹುದೇ?

ಉತ್ತರ: ಸಾಮಾನ್ಯವಾಗಿ ವ್ಯಾಯಾಮ ಮಾಡಬಹುದು, ವೈದ್ಯರಿಗೆ ತಿಳಿಸಿಯೇ ಶುರು ಮಾಡಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ವ್ಯಾಯಾಮ ಅದಕ್ಕೆ ಜೊತೆಯೇ ಹೊರತು ಬದಲಿಯಲ್ಲ. ಈ ಔಷಧಿ ನಾಡಿಬಡಿತ, ರಕ್ತದೊತ್ತಡವನ್ನು ತುಸು ಏರಿಸುತ್ತದೆ. ಹಾಗಾಗಿ ಗಡಿಯಾರ ತೋರಿಸುವ ಬಡಿತಕ್ಕಿಂತ ಮೇಲೆ ಹೇಳಿದ ಮಾತು-ಹಾಡಿನ ಪರೀಕ್ಷೆಯನ್ನೇ ನಂಬಿ. ಹಸಿವೂ ಕಡಿಮೆಯಾಗುವುದರಿಂದ ಬೆಳಗಿನಿಂದ ಏನೂ ತಿನ್ನದೆ ಓಡಿ ತಲೆಸುತ್ತು ಬರಬಹುದು. ಮಾತ್ರೆಗೆ ಮೊದಲೇ ಸ್ವಲ್ಪ ತಿನ್ನಿ. ಎದೆನೋವು ಬಂದರೆ, ಓಡುವಾಗ ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ, ಕೂಡಲೇ ವೈದ್ಯರನ್ನು ಕಾಣಿ. ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಹೃದಯ ನಿಂತು ತೀರಿಕೊಂಡಿದ್ದರೆ, ಅದನ್ನು ಮೊದಲ ಭೇಟಿಯಲ್ಲೇ ಹೇಳಿ.