ಕೊತ್ತಂಬರಿ ಗಿಡದಲ್ಲಿ ಸಬ್ಬಸಿಗೆ ತರಹದ ಎಲೆ ಯಾಕೆ ಬರುತ್ತದೆ?

ಕುಂಡದಲ್ಲಿ ಕೊತ್ತಂಬರಿ ಬಿತ್ತಿದೆ, ತಿಂಗಳಾದ ಮೇಲೆ ಸಬ್ಬಸಿಗೆ ತರಹ ಎಳೆ ಎಳೆ ಎಲೆ ಬಂದಿದೆ, ಅಂಗಡಿಯವರು ಬೀಜ ಬೆರೆಸಿ ಕೊಟ್ಟರಾ ಅಂತ ಕೇಳಿದ್ದೀರಿ. ಇಲ್ಲ, ಮೋಸ ಆಗಿಲ್ಲ. ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿ ನೋಡಿ, ಕೊತ್ತಂಬರಿ ಘಮವೇ ಬರುತ್ತದೆ.

ಚಿಂತಾಮಣಿ ಹತ್ತಿರ ನಮ್ಮದು ಸೊಪ್ಪಿನ ತೋಟ. ಪ್ರತಿ ಬೇಸಿಗೆಯಲ್ಲೂ ಇದನ್ನು ನೋಡುತ್ತೇನೆ. ಈ ಗಿಡಕ್ಕೆ ಎರಡು ತರಹದ ಎಲೆ. ಬುಡದಲ್ಲಿ ಬರುವುದು ಅಗಲ. ಕಟ್ಟು ಕಟ್ಟಿ ಮಾರುವುದು ಅದನ್ನೇ. ಹೂವಿಗೆ ಬರುವಾಗ ನಡುವಿನಿಂದ ದಂಟು ಏಳುತ್ತದೆ. ದಂಟಿನ ಎಲೆ ದಾರದ ಹಾಗೆ ಸೀಳಿರುತ್ತದೆ. ಬಿಸಿಲು ಜಾಸ್ತಿಯಾಗಿ ಹಗಲು ಉದ್ದವಾದರೆ ದಂಟು ಬೇಗ ಏಳುತ್ತದೆ. ನೀರು ತಪ್ಪಿದರೂ ಅಷ್ಟೇ.

ನಿಮಗೆ ಸಬ್ಬಸಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ, ಎರಡೂ ಒಂದೇ ಕುಟುಂಬದವು. ಕ್ಯಾರೆಟ್, ಜೀರಿಗೆ, ಓಮ, ಸೋಂಪು, ನಮ್ಮ ಒಂದೆಲಗ ಕೂಡ ಇದೇ ಬಳಗ. ಕೊತ್ತಂಬರಿಯ ಕುಲಕ್ಕೆ ಕೊರಿಯಾಂಡ್ರಮ್ ಅಂತ ಹೆಸರು. ಅದರಲ್ಲಿ ಇರುವುದು ಎರಡೇ ಜಾತಿ. ನಾವು ಬೆಳೆಯುವುದು ಸಟೈವಮ್. ಇನ್ನೊಂದು ಟರ್ಕಿ ಕಡೆ ತಾನಾಗೇ ಬೆಳೆಯುತ್ತದೆ.

ದಯವಿಟ್ಟು ಗಿಡ ಕೀಳಬೇಡಿ. ಹೂ ಬಿಡಲಿ, ಹತ್ತಿರದಿಂದ ನೋಡಿ. ಗೊಂಚಲು ಕೊಡೆ ಬಿಚ್ಚಿದ ಹಾಗಿರುತ್ತದೆ. ಅಂಚಿನ ಹೂಗಳಲ್ಲಿ ಹೊರಗಡೆಯ ಎಸಳು ಮಾತ್ರ ದೊಡ್ಡದು, ಒಳಗಡೆಯದು ಪುಟ್ಟದು. ಇಷ್ಟು ಚೆಂದದ ಹೂವನ್ನು ನೋಡದೆಯೇ ನಾವು ಕಿತ್ತು ಮಾರಿಬಿಡುತ್ತೇವಲ್ಲ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಮುಂದಿನ ಸಲ ಬಿತ್ತುವಾಗ ಒಂದು ವಿಷಯ ನೆನಪಿರಲಿ. ನಾವು ಬೀಜ ಅನ್ನುವ ಧನಿಯಾ ನಿಜಕ್ಕೂ ಕಾಯಿ. ಅದರೊಳಗೆ ಎರಡು ಹೋಳು, ಒಂದೊಂದರಲ್ಲೂ ಒಂದು ಬೀಜ. ಮೊದಲ ವರ್ಷ ನಾನು ಇಡಿಯಾಗೇ ಎರಚಿದ್ದೆ. ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಬಂತು. ಅಮ್ಮ ನೋಡಿ, ಉಳಿದ ಧನಿಯಾವನ್ನು ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ಮೆಲ್ಲಗೆ ತಿಕ್ಕಿದರು. ಎರಡಾಗಿ ಬಿಡಿಸಿಕೊಂಡಿತು. ಒಂದು ರಾತ್ರಿ ನೆನೆಸಿ ಬಿತ್ತಿದೆವು, ಮಡಿ ತುಂಬ ಎದ್ದಿತು.

ಮಳೆ ನಿಂತ ಮೇಲೆ, ಚಳಿ ಶುರುವಾಗುವಾಗ ಬಿತ್ತಿ. ಬೇಸಿಗೆಯಲ್ಲೇ ಬೇಕು ಅಂದರೆ ಮಧ್ಯಾಹ್ನದ ಬಿಸಿಲು ಬೀಳದ ಕಡೆ ಕುಂಡ ಇಡಿ, ದಂಟು ಏಳುವ ಮೊದಲೇ ಸೊಪ್ಪು ಕೀಳಿ. ಈಗಿರುವ ಗಿಡದಲ್ಲಿ ಕಾಯಿ ಹಸಿರಾಗಿರುವಾಗ ನಾಲ್ಕು ಕಿತ್ತು ಜಜ್ಜಿ ತಿಳಿಸಾರಿಗೆ ಹಾಕಿ ನೋಡಿ.